ಅರ್ಧ ಸೀಸನ್ ಮುಗಿಯಿತು: ಆಗಸ್ಟ್‌ನಲ್ಲಿ ಹೇಳಿದ ಎನ್‌ಎಫ್‌ಎಲ್ ಭವಿಷ್ಯವನ್ನು ಈಗ ತೆರೆದು ನೋಡುವುದು ಹೇಗೆ?

ಆಗಸ್ಟ್ ಕೊನೆ ಬಂತೆಂದರೆ ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್, ನೋಡುವ ಪ್ರತಿಯೊಬ್ಬರೂ ಜ್ಯೋತಿಷಿಗಳೇ. ಯಾವ ತಂಡ ಎಷ್ಟು ಮ್ಯಾಚ್ ಗೆಲ್ಲುತ್ತದೆ, ಯಾರು ಫೈನಲ್ ಆದ ಸೂಪರ್ ಬೌಲ್‌ಗೆ ಹೋಗುತ್ತಾರೆ, ಯಾವ ಕೋಚ್ ಕ್ರಿಸ್‌ಮಸ್‌ಗೆ ಮುಂಚೆ ಕೆಲಸ ಕಳೆದುಕೊಳ್ಳುತ್ತಾರೆ, ಎಲ್ಲ ಬರೆದಿಟ್ಟಾಗಿರುತ್ತದೆ. ಆಫೀಸಿನ ಬೆಟ್ಟಿಂಗ್ ಪೂಲ್‌ನಲ್ಲೋ, ಗೆಳೆಯರ ವಾಟ್ಸಾಪ್ ಗುಂಪಿನಲ್ಲೋ ಆ ಪಟ್ಟಿ ಬಿದ್ದಿರುತ್ತದೆ. ನವೆಂಬರ್ ಬಂದಾಗ ಅದನ್ನು ತೆರೆಯುವವರು ಕಡಿಮೆ. ತೆರೆದರೂ ಎರಡೇ ಕೆಲಸ: ಸರಿ ಬಂದಿದ್ದಕ್ಕೆ ಮೀಸೆ ತಿರುವುವುದು, ತಪ್ಪಿದ್ದನ್ನು ಹೇಳೇ ಇಲ್ಲವೆಂಬಂತೆ ಇರುವುದು.

ನನ್ನ ಪ್ರಕಾರ ನವೆಂಬರ್‌ನಲ್ಲಿ ಕೇಳಬೇಕಾದ ಪ್ರಶ್ನೆ 'ನಾನು ಹೇಳಿದ್ದು ಸರಿಯಾಯಿತಾ' ಎಂಬುದಲ್ಲ. 'ಹಾಗೆ ಹೇಳಲು ನಾನು ಕೊಟ್ಟ ಕಾರಣ ಇನ್ನೂ ನಿಂತಿದೆಯಾ' ಎಂಬುದು. ಎಂಟೊಂಬತ್ತು ಮ್ಯಾಚ್ ಆದ ಮೇಲೆ ತಂಡದ ಗೆಲುವು-ಸೋಲು ಎಷ್ಟು ನಿಜ ಹೇಳುತ್ತದೋ ಅಷ್ಟೇ ಸುಳ್ಳನ್ನೂ ಹೇಳುತ್ತದೆ. ಅದನ್ನು ಬಿಡಿಸಿ ನೋಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಒಂದು ಸಂಜೆ, ಒಂದು ಎಕ್ಸೆಲ್ ಹಾಳೆ ಸಾಕು.

ಹೊಸಬರಿಗೆ ಒಂದಿಷ್ಟು ಹಿನ್ನೆಲೆ. ಇದು ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. 32 ತಂಡ, ಎಎಫ್‌ಸಿ ಮತ್ತು ಎನ್‌ಎಫ್‌ಸಿ ಎಂಬ ಎರಡು ಭಾಗ, ನಾಲ್ಕು ನಾಲ್ಕು ತಂಡಗಳ ಎಂಟು ಡಿವಿಜನ್. 2021ರಿಂದ ಪ್ರತಿ ತಂಡಕ್ಕೂ 18 ವಾರದಲ್ಲಿ 17 ಮ್ಯಾಚ್, ಒಂದು ವಾರ ರಜೆ. ಆ ರಜೆಗೆ 'ಬೈ' ಎನ್ನುತ್ತಾರೆ. ಕೊನೆಗೆ 14 ತಂಡ ಪ್ಲೇಆಫ್ ಎಂಬ ನಾಕೌಟ್ ಸುತ್ತಿಗೆ ಹೋಗುತ್ತವೆ.

ಯಾವಾಗ ಕೂರಬೇಕು?

ಒಂಬತ್ತನೇ ವಾರ ಮುಗಿದ ಮೇಲೆ. ಆಗ ಎಲ್ಲ ತಂಡಗಳೂ ಎಂಟು ಅಥವಾ ಒಂಬತ್ತು ಮ್ಯಾಚ್ ಆಡಿರುತ್ತವೆ. 2024ರಿಂದ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುವ ಟ್ರೇಡ್ ಗಡುವೂ ಒಂಬತ್ತನೇ ವಾರದ ನಂತರದ ಮಂಗಳವಾರವೇ ಮುಗಿಯುತ್ತದೆ. ಅಂದರೆ ಬುಧವಾರ ಕೂತರೆ, ಆಮೇಲೆ ತಂಡಗಳಲ್ಲಿ ದೊಡ್ಡ ಅದಲು ಬದಲು ಇರುವುದಿಲ್ಲ. ಊರಿನಲ್ಲಿ ಕೂತು ನೋಡುವವರಿಗೆ ಇದನ್ನು ನೆನಪಿಡುವುದು ಇನ್ನೂ ಸುಲಭ. ನವೆಂಬರ್ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ತಿರುಗುತ್ತದೆ. ಅಲ್ಲಿಯವರೆಗೆ ಭಾರತದ ಸಮಯ ರಾತ್ರಿ 10:30ಕ್ಕೆ ಶುರುವಾಗುತ್ತಿದ್ದ ಭಾನುವಾರದ ಮೊದಲ ಮ್ಯಾಚ್‌ಗಳು 11:30ಕ್ಕೆ ಹೋಗುತ್ತವೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮವರಿಗೆ ಈ ಕಷ್ಟವಿಲ್ಲ ಬಿಡಿ. ಅವರಿಗೆ ಎರಡೂ ಕಾಲಕ್ಕೂ ಬೆಳಗ್ಗೆ 10 ಗಂಟೆಯೇ, ತಿಂಡಿ ತಟ್ಟೆ ಕೈಯಲ್ಲಿ ಹಿಡಿದೇ ನೋಡಬಹುದು.

1. ಹಳೆಯ ಪಟ್ಟಿಯನ್ನು ಇದ್ದ ಹಾಗೇ ಹೊರತೆಗೆಯಿರಿ

ನೆನಪಿನಿಂದ ಬರೆಯಬೇಡಿ. ಆಗಸ್ಟ್‌ನಲ್ಲಿ ಕಳಿಸಿದ ಮೆಸೇಜನ್ನೇ ಹುಡುಕಿ ತೆಗೆಯಿರಿ. ಇದಕ್ಕೆ ಗಟ್ಟಿ ಕಾರಣವಿದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್ ಮತ್ತು ಮಾಸ್ಕೋಗೆ ಹೋಗುವ ಮುನ್ನ, ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೈತ್ ಎಂಬ ಸಂಶೋಧಕರು ಇಸ್ರೇಲಿನ ವಿದ್ಯಾರ್ಥಿಗಳ ಹತ್ತಿರ ಆ ಭೇಟಿಗಳಲ್ಲಿ ಏನೇನು ಆಗಬಹುದು ಎಂದು ಅಂದಾಜು ಬರೆಸಿಕೊಂಡರು. ಭೇಟಿ ಮುಗಿದ ಮೇಲೆ 'ಅವತ್ತು ನೀವು ಏನು ಬರೆದಿದ್ದಿರಿ, ನೆನಪಿಸಿಕೊಳ್ಳಿ' ಎಂದರು. ನಿಜವಾಗಿ ನಡೆದ ಘಟನೆಗಳಿಗೆ ತಾವು ಮೊದಲೇ ಹೆಚ್ಚು ಸಾಧ್ಯತೆ ಕೊಟ್ಟಿದ್ದೆವೆಂದು ವಿದ್ಯಾರ್ಥಿಗಳಿಗೆ ನೆನಪಾಗುತ್ತಿತ್ತು. ಬೇಕೆಂದು ಹೇಳಿದ ಸುಳ್ಳಲ್ಲ, ನೆನಪೇ ಹಾಗೆ ತಿದ್ದಿಕೊಂಡಿತ್ತು. 'ನನಗೆ ಮೊದಲೇ ಗೊತ್ತಿತ್ತು' ಎನ್ನುವ ಮಾತು ಹುಟ್ಟುವುದು ಹೀಗೆ.

ಪಟ್ಟಿ ಸಿಕ್ಕಿದ ಮೇಲೆ ಒಂದೊಂದೇ ಸಾಲು ಓದಿ, ಅಳೆಯಲು ಬಾರದ ಸಾಲುಗಳನ್ನು ಹೊಡೆದುಹಾಕಿ. 'ಜಾಗ್ವಾರ್ಸ್ ಈ ವರ್ಷ ಸುಧಾರಿಸುತ್ತಾರೆ' ಎಂದು 2022ರ ಆಗಸ್ಟ್‌ನಲ್ಲಿ ಬರೆದಿದ್ದರೆ ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹಿಂದಿನ ವರ್ಷ ಅವರು ಗೆದ್ದಿದ್ದೇ 17ರಲ್ಲಿ 3. ನಾಲ್ಕು ಗೆದ್ದರೂ ಸುಧಾರಣೆಯೇ ತಾನೆ? 'ಜಾಗ್ವಾರ್ಸ್ 6 ಗೆಲ್ಲುತ್ತಾರೆ, ಏಕೆಂದರೆ ಹೊಸ ಕೋಚ್ ಡಗ್ ಪೀಡರ್ಸನ್ ಬಂದಿದ್ದಾರೆ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್‌ಗೆ ಇದು ಎರಡನೇ ವರ್ಷ' ಎಂದಿದ್ದರೆ ಅದು ಭವಿಷ್ಯ. ಅದರಲ್ಲಿ ಅಂಕಿ ಇದೆ, ಕಾರಣವೂ ಇದೆ. ಇನ್ನು ಮುಂದಿನ ಕೆಲಸವೆಲ್ಲ ಇಂಥ ಸಾಲುಗಳ ಮೇಲೆ ಮಾತ್ರ.

2. ಗೆಲುವು-ಸೋಲನ್ನು ಪಕ್ಕಕ್ಕಿಟ್ಟು ಪಾಯಿಂಟ್ ಕೂಡಿಸಿ

ಇದೇ ಮುಖ್ಯ ಹಂತ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

2022ರ ಎಎಫ್‌ಸಿ ಸೌತ್ ಡಿವಿಜನ್ ತೆಗೆದುಕೊಳ್ಳಿ. ಟೆನೆಸಿ ಟೈಟನ್ಸ್ ಹಿಂದಿನ ವರ್ಷ 12-5 (12 ಗೆಲುವು, 5 ಸೋಲು) ಮುಗಿಸಿ ಇಡೀ ಎಎಫ್‌ಸಿಗೆ ಮೊದಲ ಸ್ಥಾನ ಪಡೆದಿದ್ದ ತಂಡ. ಆದರೆ ಏಪ್ರಿಲ್‌ನಲ್ಲಿ ಎಸೆದ ಚೆಂಡು ಹಿಡಿಯುವ ತಮ್ಮ ಒಳ್ಳೆಯ ರಿಸೀವರ್ ಎ.ಜೆ. ಬ್ರೌನ್ ಅವರನ್ನು ಫಿಲಡೆಲ್ಫಿಯಾಗೆ ಬಿಟ್ಟುಕೊಟ್ಟಿದ್ದರು. ಬಹಳ ಜನ ಡಿವಿಜನ್ ಗೆಲ್ಲುವುದು ಇಂಡಿಯಾನಾಪೊಲಿಸ್ ಕೋಲ್ಟ್ಸ್ ಎಂದು ಹೇಳಿದ್ದರು. ಜಾಗ್ವಾರ್ಸ್ ಬಗ್ಗೆ ಯಾರಿಗೂ ಅಂಥ ನಂಬಿಕೆ ಇರಲಿಲ್ಲ.

ಎಂಟೆಂಟು ಮ್ಯಾಚ್ ಆದಾಗ ಟೈಟನ್ಸ್ 5-3. ಜಾಗ್ವಾರ್ಸ್ 2-6. ಇಷ್ಟು ಮಾತ್ರ ನೋಡಿದವರು ಡಿವಿಜನ್ ಕಥೆ ಮುಗಿಯಿತು ಎಂದುಕೊಂಡರು. ಈಗ ಸ್ಕೋರುಗಳನ್ನು ನೋಡಿ.

ಟೈಟನ್ಸ್: ಜೈಂಟ್ಸ್ ವಿರುದ್ಧ 20-21, ಬಿಲ್ಸ್ ವಿರುದ್ಧ 7-41, ರೇಡರ್ಸ್ 24-22, ಕೋಲ್ಟ್ಸ್ 24-17, ಕಮಾಂಡರ್ಸ್ 21-17, ಮತ್ತೆ ಕೋಲ್ಟ್ಸ್ 19-10, ಟೆಕ್ಸನ್ಸ್ 17-10, ಚೀಫ್ಸ್ 17-20. ಕೂಡಿಸಿ. ಹೊಡೆದದ್ದು 149, ಬಿಟ್ಟುಕೊಟ್ಟದ್ದು 158. ಐದು ಗೆದ್ದ ತಂಡ ಪಾಯಿಂಟ್ ಲೆಕ್ಕದಲ್ಲಿ 9 ಹಿಂದೆ!

ಜಾಗ್ವಾರ್ಸ್: ಕಮಾಂಡರ್ಸ್ 22-28, ಕೋಲ್ಟ್ಸ್ 24-0, ಚಾರ್ಜರ್ಸ್ 38-10, ಈಗಲ್ಸ್ 21-29, ಟೆಕ್ಸನ್ಸ್ 6-13, ಕೋಲ್ಟ್ಸ್ 27-34, ಜೈಂಟ್ಸ್ 17-23, ಲಂಡನ್‌ನಲ್ಲಿ ಬ್ರಾಂಕೋಸ್ 17-21. ಹೊಡೆದದ್ದು 172, ಕೊಟ್ಟದ್ದು 158. ಆರು ಸೋತ ತಂಡ 14 ಮುಂದೆ. ಆರು ಸೋಲಿನಲ್ಲಿ ಒಂದೂ 8 ಪಾಯಿಂಟ್ ದಾಟಿಲ್ಲ. ಗೆದ್ದ ಎರಡನ್ನು ಮಾತ್ರ ಎದುರಾಳಿಗೆ ಉಸಿರಾಡಲು ಬಿಡದೆ ಗೆದ್ದಿದ್ದರು.

ಸೀಸನ್ ಕೊನೆಗೆ ಏನಾಯಿತು? ಟೈಟನ್ಸ್ 7-3ರವರೆಗೆ ಹೋಗಿ, ಆಮೇಲೆ ಸಾಲಾಗಿ ಏಳು ಸೋತು 7-10ಕ್ಕೆ ನಿಂತರು. ಜಾಗ್ವಾರ್ಸ್ 9-8, ಡಿವಿಜನ್ ಅವರದ್ದೇ. ಕೋಲ್ಟ್ಸ್ ನವೆಂಬರ್‌ನಲ್ಲಿ ಕೋಚನ್ನು ತೆಗೆದು, ಇಡೀ ವರ್ಷ ನಾಲ್ಕೇ ಮ್ಯಾಚ್ ಗೆದ್ದು ಮನೆಗೆ ಹೋದರು.

ನೀವು ಮಾಡಬೇಕಾದ ಲೆಕ್ಕ ಇಷ್ಟೇ. ತಂಡ ಆಡಿದ ಮ್ಯಾಚ್‌ಗಳ ಅರ್ಧ ತೆಗೆದುಕೊಳ್ಳಿ. ಪಾಯಿಂಟ್ ಅಂತರವನ್ನು 40ರಿಂದ ಭಾಗಿಸಿ ಅದಕ್ಕೆ ಕೂಡಿಸಿ, ಹಿಂದಿದ್ದರೆ ಕಳೆಯಿರಿ. ಎನ್‌ಎಫ್‌ಎಲ್‌ನಲ್ಲಿ ಸುಮಾರು 35ರಿಂದ 40 ಪಾಯಿಂಟ್ ಅಂತರಕ್ಕೆ ಒಂದು ಗೆಲುವು ಎಂಬುದು ಒರಟು ಲೆಕ್ಕ. 40 ಎಂದರೆ ಬಾಯಲ್ಲೇ ಭಾಗಿಸಬಹುದು. ಟೈಟನ್ಸ್‌ಗೆ 4ರಿಂದ ಸುಮಾರು 0.2 ಕಳೆದರೆ 3.8. ಜಾಗ್ವಾರ್ಸ್‌ಗೆ 4ಕ್ಕೆ 0.35 ಕೂಡಿಸಿದರೆ 4.35. ಇದು 'ಆಟದ ಪ್ರಕಾರ ಬರಬೇಕಿದ್ದ ಗೆಲುವು'. ಇದನ್ನು ನಿಜವಾದ ಗೆಲುವಿನ ಪಕ್ಕದ ಕಾಲಂನಲ್ಲಿ ಬರೆಯಿರಿ. ಎರಡರ ನಡುವೆ ಒಂದಕ್ಕಿಂತ ಜಾಸ್ತಿ ವ್ಯತ್ಯಾಸ ಇರುವ ತಂಡಗಳಿಗೆ ಗುರುತು ಹಾಕಿ. ನಿಮ್ಮ ಸಂಜೆಯ ಹೆಚ್ಚಿನ ಸಮಯ ಅವುಗಳ ಮೇಲೇ ಹೋಗಬೇಕು.

ಒಂದು ಎಚ್ಚರಿಕೆ. ಒಂದೇ ಮ್ಯಾಚ್ ಲೆಕ್ಕವನ್ನು ಎಳೆದಾಡಬಹುದು. ಬಿಲ್ಸ್ ಕೈಯಲ್ಲಿ ತಿಂದ 7-41 ತೆಗೆದರೆ ಟೈಟನ್ಸ್ 25 ಮುಂದೆ ಇರುತ್ತಿದ್ದರು. ಹಾಗಂತ ಆ ಮ್ಯಾಚನ್ನು ಸುಮ್ನೆ ತೆಗೆದುಹಾಕಬೇಡಿ, ಅದೂ ಅವರು ಆಡಿದ್ದೇ. ಅಂತರ ಒಂದೇ ಮ್ಯಾಚ್‌ನಿಂದ ಬಂದಿದೆಯಾ ಅಥವಾ ಎಲ್ಲದರಲ್ಲೂ ಹರಡಿದೆಯಾ ಎಂದು ಒಂದು ಟಿಪ್ಪಣಿ ಹಾಕಿಕೊಂಡರೆ ಸಾಕು.

3. ಕೂದಲೆಳೆಯಲ್ಲಿ ಮುಗಿದ ಮ್ಯಾಚ್‌ಗಳನ್ನು ಬೇರೆ ಬರೆಯಿರಿ

8 ಪಾಯಿಂಟ್ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಮುಗಿದ ಮ್ಯಾಚನ್ನು 'ಒನ್ ಸ್ಕೋರ್' ಮ್ಯಾಚ್ ಎನ್ನುತ್ತಾರೆ. ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಪಡೆಯುವ 6 ಪಾಯಿಂಟ್), ಮೇಲೆ ಎರಡು ಪಾಯಿಂಟ್ ಸಿಕ್ಕರೆ ಸಮ ಆಗುವ ಅಂತರ. ಇಂಥ ಮ್ಯಾಚ್‌ಗಳನ್ನು ವರ್ಷದಿಂದ ವರ್ಷಕ್ಕೆ ಗೆಲ್ಲುತ್ತಲೇ ಇರುವ ತಂಡ ಅಪರೂಪ.

2022ರ ಮಿನೆಸೋಟಾ ವೈಕಿಂಗ್ಸ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ, ನಾನೂ ಅದನ್ನೇ ಕೊಡುತ್ತೇನೆ. ಅಷ್ಟು ಚೆನ್ನಾಗಿದೆ. ಮೊದಲ ಎಂಟರಲ್ಲಿ 7-1. ವರ್ಷದ ಕೊನೆಗೆ 13-4. ಒನ್ ಸ್ಕೋರ್ ಮ್ಯಾಚ್‌ಗಳಲ್ಲಿ 11-0. ಇಡೀ ವರ್ಷದ ಪಾಯಿಂಟ್: ಹೊಡೆದದ್ದು 424, ಕೊಟ್ಟದ್ದು 427. ನಮ್ಮ ಲೆಕ್ಕದ ಪ್ರಕಾರ ಎಂಟೂವರೆಯೂ ತುಂಬದ ತಂಡ 13 ಗೆದ್ದಿತ್ತು. ಅಕ್ಟೋಬರ್‌ನಲ್ಲಿ ಲಂಡನ್‌ನಲ್ಲಿ ಸೇಂಟ್ಸ್ ವಿರುದ್ಧ ಅವರು 28-25 ಗೆದ್ದ ಬಗೆ ನೋಡಿ. ಕೊನೆಯ ಕ್ಷಣದಲ್ಲಿ ಸೇಂಟ್ಸ್‌ನ ವಿಲ್ ಲುಟ್ಜ್ 61 ಯಾರ್ಡ್‌ನಿಂದ ಒದ್ದರು. ಚೆಂಡು ಪಕ್ಕದ ಕಂಬಕ್ಕೆ ತಾಗಿ, ಅಲ್ಲಿಂದ ಕೆಳಗಿನ ಅಡ್ಡಪಟ್ಟಿಗೆ ಬಡಿದು, ಈ ಕಡೆಗೇ ಬಿತ್ತು. ಆ ಕಡೆ ಬಿದ್ದಿದ್ದರೆ ಪಂದ್ಯ ಸಮ ಆಗಿ ಮುಂದುವರಿಯುತ್ತಿತ್ತು. ಪ್ಲೇಆಫ್‌ನಲ್ಲಿ ಅವರು ಮೊದಲ ಮ್ಯಾಚ್‌ನಲ್ಲೇ, ತಮ್ಮ ಮನೆ ಮೈದಾನದಲ್ಲೇ, ಜೈಂಟ್ಸ್‌ಗೆ 24-31 ಸೋತರು. ಮುಂದಿನ ವರ್ಷ 7-10.

ಚೆಂಡಿನ ಆಕಾರವನ್ನೂ ಮರೆಯಬೇಡಿ. ಎರಡೂ ತುದಿ ಚೂಪಾದ ಆ ಚೆಂಡು ಕೈಜಾರಿ ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೆ ಎಂದು ಯಾರೂ ಹೇಳಲಾರರು. ಎದುರಾಳಿಯ ಕೈಯಿಂದ ಚೆಂಡು ಬೀಳಿಸುವುದು ಕೌಶಲ. ಬಿದ್ದ ಚೆಂಡು ಯಾರಿಗೆ ಸಿಗುತ್ತದೆ ಎನ್ನುವುದು ಬಹುಮಟ್ಟಿಗೆ ಅದೃಷ್ಟ. ಅರ್ಧ ಸೀಸನ್‌ನಲ್ಲಿ ಬಿದ್ದ ಚೆಂಡುಗಳಲ್ಲಿ ಮುಕ್ಕಾಲು ಪಾಲು ಒಂದೇ ತಂಡಕ್ಕೆ ಸಿಕ್ಕಿದ್ದರೆ, ಉಳಿದರ್ಧದಲ್ಲೂ ಹಾಗೇ ಸಿಗುತ್ತದೆ ಎಂದುಕೊಳ್ಳಬೇಡಿ.

ಒಂದೇ ಒಂದು ಎಸೆತ ಎರಡು ತಂಡದ ಪಟ್ಟಿಯನ್ನು ಬದಲಾಯಿಸಿದ್ದನ್ನೂ ಹೇಳಬೇಕು. 2024ರ ಅಕ್ಟೋಬರ್ 27. ವಾಷಿಂಗ್ಟನ್ ಕಮಾಂಡರ್ಸ್ 12, ಶಿಕಾಗೋ ಬೇರ್ಸ್ 15, ಗಡಿಯಾರದಲ್ಲಿ ಉಳಿದದ್ದು ಎರಡೇ ಸೆಕೆಂಡ್. ಕಮಾಂಡರ್ಸ್‌ನ ಹೊಸ ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್ ಆ ಕಡೆ ಈ ಕಡೆ ಓಡಿ, ಇದ್ದ ಶಕ್ತಿಯೆಲ್ಲ ಹಾಕಿ ಚೆಂಡನ್ನು ಮೇಲಕ್ಕೆಸೆದರು. ಆ ಕೊನೆಯ ಆಟ ಶುರುವಾದಾಗ ಬೇರ್ಸ್‌ನ ಒಬ್ಬ ಡಿಫೆಂಡರ್ ಪ್ರೇಕ್ಷಕರ ಕಡೆ ತಿರುಗಿ ಅವರನ್ನು ಕೆಣಕುತ್ತಿದ್ದ. ಆಮೇಲೆ ಓಡಿಬಂದು ಗುಂಪಿನ ಮಧ್ಯೆ ಹಾರಿ ಚೆಂಡನ್ನು ತಟ್ಟಿದ. ತಟ್ಟಿದ ಚೆಂಡು ಹೋಗಿ ಬಿದ್ದದ್ದು ಹಿಂದೆ ಒಬ್ಬರೇ ನಿಂತಿದ್ದ ಕಮಾಂಡರ್ಸ್‌ನ ನೋವಾ ಬ್ರೌನ್ ಕೈಗೆ. 18-15. ಒಂಬತ್ತನೇ ವಾರದ ಕೊನೆಗೆ ಕಮಾಂಡರ್ಸ್ 7-2, ಬೇರ್ಸ್ 4-4. ಆ ಚೆಂಡು ನೆಲಕ್ಕೆ ಬಿದ್ದಿದ್ದರೆ 6-3 ಮತ್ತು 5-3. ನಿಮ್ಮ ಪಟ್ಟಿಯಲ್ಲಿ ಬೇರ್ಸ್ ಬಗ್ಗೆ ಬರೆದದ್ದು ಸರಿಯೋ ತಪ್ಪೋ ಎಂಬುದು ಒಂದು ಬೆರಳ ತುದಿಯ ಮೇಲೆ ನಿಂತಿತ್ತು.

ಆದರೂ ಇದೆಲ್ಲ ಅದೃಷ್ಟ ಎಂದು ಕೈಬಿಡುವುದೂ ಸರಿಯಲ್ಲ. ಬೇರ್ಸ್ ಆ ಮ್ಯಾಚ್ ಸೇರಿ ಸಾಲಾಗಿ ಹತ್ತು ಸೋತರು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ ಕೋಚ್ ಕೆಲಸ ಹೋಯಿತು. ಕಮಾಂಡರ್ಸ್ 12-5 ಮುಗಿಸಿದರು. ಆ ಚೆಂಡು ನಿರ್ಧರಿಸಿದ್ದು ಒಂದು ಮ್ಯಾಚನ್ನು. ಉಳಿದದ್ದು ಆ ತಂಡಗಳೇ.

4. ಆಗಸ್ಟ್‌ನಲ್ಲಿದ್ದ ತಂಡವೇ ಈಗಲೂ ಆಡುತ್ತಿದೆಯಾ?

ನೀವು ಭವಿಷ್ಯ ಹೇಳಿದ್ದು ಒಂದು ತಂಡದ ಬಗ್ಗೆ. ಈಗ ಅದೇ ಜರ್ಸಿಯಲ್ಲಿ ಬೇರೆಯವರು ಆಡುತ್ತಿರಬಹುದು. ಪ್ರತಿ ತಂಡಕ್ಕೂ ಮೂರು ವಿಷಯ ನೋಡಿ: ಕ್ವಾರ್ಟರ್‌ಬ್ಯಾಕ್ ಅವರೇನಾ, ಮುಂದೆ ಯಾವ ಆಟ ಆಡಬೇಕೆಂದು ಹೇಳುವ ಕೋಚ್ ಅವರೇನಾ, ನೀವು ಕೊಟ್ಟ ಕಾರಣದಲ್ಲಿ ಹೆಸರಿದ್ದ ಆಟಗಾರ ಆಡುತ್ತಿದ್ದಾರಾ.

ಸಾಂತಾ ಕ್ಲಾರಾದ ಲೀವೈಸ್ ಸ್ಟೇಡಿಯಂ ಸುತ್ತಮುತ್ತ ಇರುವ ಕನ್ನಡಿಗರಿಗೆ 2024 ಹೇಳಿ ತಿಳಿಸಬೇಕಾಗಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಸೂಪರ್ ಬೌಲ್‌ನ ಹೆಚ್ಚುವರಿ ಅವಧಿಯಲ್ಲಿ ಸೋತಿದ್ದ ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ಮತ್ತೆ ಅಲ್ಲಿಗೇ ಹೋಗುತ್ತಾರೆ ಎಂದು ಹೇಳದವರು ಕಡಿಮೆ. ಬೈ ವಾರಕ್ಕೆ ಬಂದಾಗ 4-4. ಓಟಗಾರ ಕ್ರಿಶ್ಚಿಯನ್ ಮೆಕ್ಯಾಫ್ರಿ ಕಾಲು ನೋವಿನಿಂದ ಒಂದು ಮ್ಯಾಚೂ ಆಡಿರಲಿಲ್ಲ. ಬ್ರಾಂಡನ್ ಅಯ್ಯೂಕ್ ಅಕ್ಟೋಬರ್‌ನಲ್ಲಿ ಮಂಡಿಗೆ ಗಾಯ ಮಾಡಿಕೊಂಡು ವರ್ಷವೇ ಮುಗಿಸಿದ್ದರು. 'ಮೆಕ್ಯಾಫ್ರಿ ವಾಪಸ್ ಬರುತ್ತಾರೆ, ಎಲ್ಲ ಸರಿಹೋಗುತ್ತದೆ' ಎಂದು ನವೆಂಬರ್‌ನಲ್ಲಿ ಹೇಳುವುದು ಸುಲಭವಿತ್ತು. ಬಂದರು, ನಾಲ್ಕು ಮ್ಯಾಚ್ ಆಡಿದರು, ಮತ್ತೆ ಗಾಯ. ತಂಡ 6-11.

ಇಲ್ಲಿ ಒಂದು ಜಿಗುಟು ಪ್ರಶ್ನೆ ಇದೆ. ಗಾಯವನ್ನು ಕ್ಷಮಿಸಬೇಕಾ? ನನ್ನ ಅಭಿಪ್ರಾಯ: ಅರ್ಧ ಮಾತ್ರ. 2023ರ ಸೆಪ್ಟೆಂಬರ್ 11ರಂದು ಆರನ್ ರಾಜರ್ಸ್ ಜೆಟ್ಸ್ ಪರ ಮೊದಲ ಮ್ಯಾಚ್‌ನಲ್ಲೇ, ಚೆಂಡು ಕೈಗೆ ಬಂದ ನಾಲ್ಕನೇ ಸಲಕ್ಕೇ ಹಿಮ್ಮಡಿಯ ನರ ಹರಿದುಕೊಂಡರು. ಅದನ್ನು ಯಾರೂ ಊಹಿಸಿರಲಿಲ್ಲ, ನಿಜ. ಆದರೆ ಅವರಿಗೆ ಆಗ 39 ವರ್ಷ. 39ರ ಕ್ವಾರ್ಟರ್‌ಬ್ಯಾಕ್ 17 ಮ್ಯಾಚೂ ಆಡುತ್ತಾರೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಭವಿಷ್ಯದಲ್ಲಿ ಮೊದಲೇ ಒಂದು ಬಿರುಕಿತ್ತು. ಹಿಂಬದಿಯಲ್ಲಿ ಯಾರಿದ್ದಾರೆ ಎಂದು ಆಗಸ್ಟ್‌ನಲ್ಲೇ ನೋಡಬಹುದಿತ್ತು.

ಉಲ್ಟಾ ಕೂಡ ಆಗುತ್ತದೆ. 2024ರಲ್ಲಿ ವೈಕಿಂಗ್ಸ್‌ನ ಹೊಸ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಆಗಸ್ಟ್‌ನಲ್ಲೇ ಮಂಡಿ ಗಾಯದಿಂದ ಹೊರಬಿದ್ದರು. ಬಂದವರು ಸ್ಯಾಮ್ ಡಾರ್ನಾಲ್ಡ್, ಅಲ್ಲಿ ಇಲ್ಲಿ ಸುತ್ತಿ ಬಂದವರು. ತಂಡ 14-3!

5. ಉಳಿದ ಎದುರಾಳಿಗಳು

ಇದಕ್ಕೆ ಜಾಸ್ತಿ ಹೊತ್ತು ಬೇಡ. ಉಳಿದ ಮ್ಯಾಚ್‌ಗಳ ಪಟ್ಟಿ ತೆಗೆದು, ಎರಡನೇ ಹಂತದಲ್ಲಿ ಹಾಕಿದ ಪಾಯಿಂಟ್ ಅಂತರ ಯಾರದ್ದು ಮುಂದೆ, ಯಾರದ್ದು ಹಿಂದೆ ಎಂದು ಪಕ್ಕದಲ್ಲಿ ಗುರುತು ಹಾಕಿ. ಎಷ್ಟು ಮನೆಯಲ್ಲಿ, ಎಷ್ಟು ಹೊರಗೆ ಎಂದೂ ಎಣಿಸಿ. ಎದುರಾಳಿಯ ಕಳೆದ ವರ್ಷದ ಸಾಧನೆ ನೋಡಬೇಡಿ, ಅದು ಹಳಸಿದ ಮಾಹಿತಿ. 1990ರಿಂದ ಪ್ರತಿ ವರ್ಷ ಪ್ಲೇಆಫ್‌ಗೆ ಹಿಂದಿನ ವರ್ಷ ಇಲ್ಲದ ಕನಿಷ್ಠ ನಾಲ್ಕು ತಂಡ ಬರುತ್ತಲೇ ಇವೆ.

6. ನಾಲ್ಕು ಗುಂಪು ಮಾಡಿ

ಈಗ ಪ್ರತಿ ಸಾಲಿನ ಮುಂದೆ ಎರಡು ಗುರುತು: ಫಲಿತಾಂಶ ಹೇಳಿದಂತೆ ಸಾಗುತ್ತಿದೆಯಾ, ಕಾರಣ ನಿಂತಿದೆಯಾ. ನಾಲ್ಕು ಗುಂಪಾಗುತ್ತದೆ.

ಎರಡೂ ಸರಿ ಇದ್ದರೆ ಮುಟ್ಟಬೇಡಿ. ಎರಡೂ ತಪ್ಪಿದ್ದರೆ ಹೊಸದಾಗಿ ಬರೆಯಿರಿ. ಕಾರಣ ಸರಿ, ಫಲಿತಾಂಶ ತಪ್ಪು ಎನ್ನುವ ಸಾಲುಗಳಿಗೆ ತಾಳ್ಮೆ ಬೇಕು. 2-6ರಲ್ಲಿದ್ದ ಜಾಗ್ವಾರ್ಸ್ ಇದೇ ಗುಂಪು. ಹೊಸ ಕೋಚ್, ಬೆಳೆಯುತ್ತಿದ್ದ ಕ್ವಾರ್ಟರ್‌ಬ್ಯಾಕ್, ಎರಡೂ ಮೈದಾನದಲ್ಲಿ ಕಾಣುತ್ತಿತ್ತು.

ಅಪಾಯ ಇರುವುದು ನಾಲ್ಕನೇ ಗುಂಪಿನಲ್ಲಿ: ಫಲಿತಾಂಶ ಸರಿ, ಕಾರಣ ತಪ್ಪು. 'ಎ.ಜೆ. ಬ್ರೌನ್ ಹೋದರೂ ಟೈಟನ್ಸ್ ಆಟ ಕುಗ್ಗುವುದಿಲ್ಲ, ಡಿವಿಜನ್ ಅವರದ್ದೇ' ಎಂದು ಹೇಳಿದವರು ನವೆಂಬರ್ ಮೊದಲ ವಾರ ಬಹಳ ಖುಷಿಯಾಗಿರುತ್ತಿದ್ದರು. ತಂಡ 5-3, ಡಿವಿಜನ್‌ನಲ್ಲಿ ಮೊದಲು. ಆದರೆ ಎಂಟು ಮ್ಯಾಚ್‌ನಲ್ಲಿ ಒಂದರಲ್ಲೂ 24 ದಾಟಿರಲಿಲ್ಲ. ಕಾಗೆ ಕೂತಿತು, ಕೊಂಬೆ ಮುರಿಯಿತು, ಅಷ್ಟೇ. ಈ ಗುಂಪಿನ ಸಾಲುಗಳನ್ನು ಯಾರೂ ತಿದ್ದುವುದಿಲ್ಲ, ಏಕೆಂದರೆ ಅವು ಸರಿಯಾಗಿರುವ ಹಾಗೆ ಕಾಣುತ್ತವೆ. ನೀವು ಮೊದಲು ತಿದ್ದಬೇಕಾದದ್ದು ಇವನ್ನೇ.

7. ಹೊಸ ಅಂಕಿ ಬರೆಯಿರಿ, ಆದರೆ ಅರ್ಧ ದೂರ ಮಾತ್ರ ಹೋಗಿ

ತಿದ್ದುವಾಗ ಜನ ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಆಗಸ್ಟ್‌ನ ಮಾತಿಗೆ ಅಂಟಿಕೊಂಡು ಕೂರುತ್ತಾರೆ. ಇನ್ನು ಕೆಲವರು ಗೆದ್ದೆತ್ತಿನ ಬಾಲ ಹಿಡಿಯುತ್ತಾರೆ. ನಾನು ಬಳಸುವ ಕ್ರಮ ಸರಳ. ಆಗಸ್ಟ್‌ನ ಅಂದಾಜಿಗೆ ಅರ್ಧ ತೂಕ, ಪಾಯಿಂಟ್ ಲೆಕ್ಕಕ್ಕೆ ಅರ್ಧ ತೂಕ. ಎಂಟು ಮ್ಯಾಚ್ ಎಂದರೆ ಕಡಿಮೆ ಸಾಕ್ಷ್ಯ. ಆಗಸ್ಟ್‌ನಲ್ಲಿ ನಿಮಗೆ ಗೊತ್ತಿದ್ದದ್ದೂ ಒಂದು ಸಾಕ್ಷ್ಯವೇ, ಅದನ್ನು ಎಸೆಯಬಾರದು.

2022ಕ್ಕೇ ಹಾಕಿ ನೋಡೋಣ. ಆಗಸ್ಟ್‌ನಲ್ಲಿ ನೀವು ಟೈಟನ್ಸ್‌ಗೆ 9, ಜಾಗ್ವಾರ್ಸ್‌ಗೆ 6 ಕೊಟ್ಟಿದ್ದಿರಿ ಎಂದುಕೊಳ್ಳಿ. ಟೈಟನ್ಸ್‌ಗೆ ಆಗಸ್ಟ್ ಪ್ರಕಾರ ನೂರಕ್ಕೆ 53, ಪಾಯಿಂಟ್ ಪ್ರಕಾರ 47. ಸರಾಸರಿ 50. ಉಳಿದ 9 ಮ್ಯಾಚ್‌ನಲ್ಲಿ 4.5 ಗೆಲುವು, ಕೈಯಲ್ಲಿರುವ 5 ಸೇರಿ 9.5. ಜಾಗ್ವಾರ್ಸ್‌ಗೆ 35 ಮತ್ತು 54, ಸರಾಸರಿ 45ರ ಹತ್ತಿರ. ಉಳಿದ 9ರಲ್ಲಿ 4, ಒಟ್ಟು 6.

ನಿಜವಾಗಿ ಬಂದದ್ದು 7 ಮತ್ತು 9. ನಮ್ಮ ಲೆಕ್ಕ ಎರಡನ್ನೂ ಹಿಡಿಯಲಿಲ್ಲ. ಆದರೆ ಬರೀ ಗೆಲುವು-ಸೋಲನ್ನೇ 17 ಮ್ಯಾಚ್‌ಗೆ ಹಿಗ್ಗಿಸಿದವರಿಗೆ ಟೈಟನ್ಸ್ 10.6, ಜಾಗ್ವಾರ್ಸ್ 4.25 ಬರುತ್ತಿತ್ತು. ಅವರಿಗೆ ಆರಕ್ಕಿಂತ ಜಾಸ್ತಿ ಅಂತರ, ನಮಗೆ ಮೂರೂವರೆ. ಡಿವಿಜನ್ ಇನ್ನೂ ಮುಗಿದಿಲ್ಲ ಎಂದಾದರೂ ನಮ್ಮ ಹಾಳೆ ಹೇಳುತ್ತಿತ್ತು.

ಉಳಿದ ವ್ಯತ್ಯಾಸ ಎಲ್ಲಿಂದ ಬಂತು? ಗಾಯಗಳಿಂದ, ಬಹಳಷ್ಟು. ಟೈಟನ್ಸ್‌ನ ಕ್ವಾರ್ಟರ್‌ಬ್ಯಾಕ್ ರಯನ್ ಟ್ಯಾನೆಹಿಲ್ ಪಾದದ ಕೀಲಿನ ಗಾಯದಿಂದ ಡಿಸೆಂಬರ್‌ನಲ್ಲಿ ಹೊರಬಿದ್ದರು. ಕೊನೆಯ ವಾರ ಡಿವಿಜನ್ ಯಾರದ್ದೆಂದು ತೀರ್ಮಾನವಾಗಬೇಕಿದ್ದ ಮ್ಯಾಚ್‌ಗೆ ಆಡಿಸಿದ್ದು ಡಿಸೆಂಬರ್ ಮೂರನೇ ವಾರ ತಂಡಕ್ಕೆ ಬಂದಿದ್ದ ಜೋಶುವಾ ಡಾಬ್ಸ್ ಅವರನ್ನು. ಓದಿದ್ದು ಏರೋಸ್ಪೇಸ್ ಎಂಜಿನಿಯರಿಂಗ್, ಬುದ್ಧಿಗೇನೂ ಕೊರತೆ ಇಲ್ಲ. ಮೂರು ನಿಮಿಷವೂ ಉಳಿದಿರಲಿಲ್ಲ, ಟೈಟನ್ಸ್ 16-13 ಮುಂದಿದ್ದರು. ಆಗ ಡಾಬ್ಸ್ ಕೈಯಿಂದ ಚೆಂಡು ಜಾರಿತು. ಜಾಗ್ವಾರ್ಸ್‌ನ ಜಾಶ್ ಆಲನ್ ಎತ್ತಿಕೊಂಡು 37 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು. ಇವರು ಬಫಲೋದ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ಅಲ್ಲ. ಆಮೇಲೆ ಇವರು ಹೆಸರನ್ನೇ ಹೈನ್ಸ್-ಆಲನ್ ಎಂದು ಬದಲಾಯಿಸಿಕೊಂಡರು. 20-16.

8. ಸೂಪರ್ ಬೌಲ್ ಮತ್ತು ಪ್ರಶಸ್ತಿಗಳು

ಆಗಸ್ಟ್‌ನಲ್ಲಿ ಹೇಳಿದ ಚಾಂಪಿಯನ್ ತಂಡವನ್ನು ನವೆಂಬರ್‌ನಲ್ಲಿ ಬದಲಾಯಿಸಲು ದೊಡ್ಡ ಕಾರಣ ಬೇಕು. ಮುಂದಿರುವ ತಂಡ ಮುಂದೆಯೇ ಇರುತ್ತದೆ ಎಂಬುದು ಸಾಲದು. 2020ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ 11-0 ಇದ್ದು 12-4ಕ್ಕೆ ಬಂದರು. ಮೊದಲ ಪ್ಲೇಆಫ್ ಮ್ಯಾಚ್‌ನಲ್ಲೇ ಬ್ರೌನ್ಸ್ ಅವರಿಗೆ 48 ಪಾಯಿಂಟ್ ಹೊಡೆದರು. 2023ರಲ್ಲಿ ಈಗಲ್ಸ್ 10-1 ಇದ್ದವರು 11-6. ಆ ವರ್ಷ ಅವರ ಒಟ್ಟು ಪಾಯಿಂಟ್ ಅಂತರ ಬರೀ 5. ಅದೇ ಈಗಲ್ಸ್ 2024ರಲ್ಲಿ 2-2ರಿಂದ ಶುರುಮಾಡಿ, ಸೂಪರ್ ಬೌಲ್‌ನಲ್ಲಿ ಚೀಫ್ಸ್‌ಗೆ 40-22 ಬಾರಿಸಿದರು. ನಿಮ್ಮ ತಂಡದ ಕ್ವಾರ್ಟರ್‌ಬ್ಯಾಕ್ ಆರೋಗ್ಯವಾಗಿದ್ದು ಪಾಯಿಂಟ್ ಅಂತರ ಮುಂದಿದ್ದರೆ, ಹೆಸರು ಹಾಗೇ ಬಿಡಿ.

ವರ್ಷದ ಶ್ರೇಷ್ಠ ಆಟಗಾರರಿಗೆ ಕೊಡುವ ಎಂವಿಪಿ ಪ್ರಶಸ್ತಿಗೆ ಕ್ವಾರ್ಟರ್‌ಬ್ಯಾಕ್ ಅಲ್ಲದವರ ಹೆಸರು ಬರೆದಿದ್ದರೆ ಈಗಲೇ ತಿದ್ದುವುದು ಒಳ್ಳೆಯದು. 2012ರಲ್ಲಿ ಏಡ್ರಿಯನ್ ಪೀಟರ್ಸನ್ ಪಡೆದ ಮೇಲೆ ಅದು ಬೇರೆ ಯಾವ ಸ್ಥಾನದವರಿಗೂ ಸಿಕ್ಕಿಲ್ಲ. 2024ರಲ್ಲಿ ಸೇಕ್ವಾನ್ ಬಾರ್ಕ್ಲಿ 2005 ಯಾರ್ಡ್ ಓಡಿದರೂ ಕೊಟ್ಟದ್ದು ಬಫಲೋದ ಜಾಶ್ ಆಲನ್ ಅವರಿಗೆ. ಇದು ನ್ಯಾಯವಾ ಅಂದರೆ, ನನ್ನ ಮಟ್ಟಿಗೆ ಅಲ್ಲ. ಆದರೆ ಭವಿಷ್ಯ ಹೇಳುವಾಗ ನ್ಯಾಯ ನೋಡಿ ಪ್ರಯೋಜನ ಇಲ್ಲ, ಅಲ್ವಾ?

9. ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ

'ಹತ್ತರಲ್ಲಿ ಏಳು ಸರಿ' ಎಂಬ ಲೆಕ್ಕ ಬೇಡ. ಹವಾಮಾನದ ಮುನ್ಸೂಚನೆಗಳನ್ನು ಅಳೆಯಲು ಗ್ಲೆನ್ ಬ್ರೈಯರ್ 1950ರಲ್ಲಿ ಒಂದು ಕ್ರಮ ಕೊಟ್ಟರು, ಅದು ಇಲ್ಲಿಗೂ ಹೊಂದುತ್ತದೆ. ಪ್ರತಿ ಭವಿಷ್ಯಕ್ಕೂ ನೂರಕ್ಕೆ ಎಷ್ಟು ಖಚಿತ ಎಂದು ಬರೆಯಬೇಕು. ಒಂದು ತಂಡ ಪ್ಲೇಆಫ್‌ಗೆ ಹೋಗುತ್ತದೆ ಎಂದು 70 ಕೊಟ್ಟಿರಿ, ಹೋಯಿತು. ಆಗ ತಪ್ಪು 0.3, ಅದರ ವರ್ಗ 0.09. ಹೋಗದಿದ್ದರೆ ತಪ್ಪು 0.7, ವರ್ಗ 0.49. ಎಲ್ಲದರ ಸರಾಸರಿ ತೆಗೆಯಿರಿ. ಕಡಿಮೆ ಇದ್ದಷ್ಟೂ ಒಳ್ಳೆಯದು. ಎಲ್ಲದಕ್ಕೂ ಕಣ್ಣು ಮುಚ್ಚಿ 50 ಎಂದು ಬರೆದವರಿಗೆ 0.25 ಬರುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ನಿಮ್ಮ ಖಚಿತತೆ ನಿಮ್ಮ ಜ್ಞಾನಕ್ಕಿಂತ ದೊಡ್ಡದು ಎಂದರ್ಥ.

ಅರ್ಧ ಸೀಸನ್‌ನಲ್ಲಿ ಪ್ಲೇಆಫ್ ಯಾರೆಂದು ಗೊತ್ತಿರುವುದಿಲ್ಲವಲ್ಲ, ಆದ್ದರಿಂದ ಈಗ ಸದ್ಯಕ್ಕೆ ವಾರದ ಮ್ಯಾಚ್‌ಗಳಿಗೆ ನೀವು ಕೊಟ್ಟ ಅಂಕಿಗಳಿಗೆ ಇದನ್ನು ಹಾಕಿ ನೋಡಿ. ಗೆಲ್ಲುತ್ತಾರೆ ಎಂದು 80ಕ್ಕಿಂತ ಜಾಸ್ತಿ ಕೊಟ್ಟ ಮ್ಯಾಚ್‌ಗಳನ್ನು ಬೇರೆ ತೆಗೆದು ಎಣಿಸಿ. ಅವುಗಳಲ್ಲಿ ಮೂರರಲ್ಲೊಂದು ಸೋತಿದ್ದರೆ, ಇನ್ನು ಮುಂದೆ 80 ಬರೆಯುವ ಕಡೆ 70 ಬರೆಯಿರಿ.

ಹೊಸ ಅಂಕಿಗಳನ್ನು ಹಳೆಯದರ ಮೇಲೆ ಬರೆಯದೆ ಪಕ್ಕದ ಕಾಲಂನಲ್ಲಿ ತಾರೀಖು ಸಮೇತ ಹಾಕಿ. ಮೂರನೇ ಕಾಲಂ ಜನವರಿಯಲ್ಲಿ, 18ನೇ ವಾರ ಮುಗಿದ ಮೇಲೆ. ಆ ವಾರದ ಮ್ಯಾಚ್‌ಗಳೆಲ್ಲ ಡಿವಿಜನ್ ಒಳಗಿನವು, ಟೈಟನ್ಸ್-ಜಾಗ್ವಾರ್ಸ್ ಮ್ಯಾಚ್ ಆದದ್ದೂ ಆಗಲೇ. ಆದರೆ ಸ್ಥಾನ ಖಚಿತವಾದ ತಂಡಗಳು ಆ ವಾರ ಮುಖ್ಯ ಆಟಗಾರರನ್ನು ಕೂರಿಸಿಬಿಡುತ್ತವೆ. ಹಾಗೆ ಕೂರಿಸಿ ಆಡಿದ ಮ್ಯಾಚ್‌ನ ಪಾಯಿಂಟ್‌ಗಳನ್ನು ಅಂತರದ ಲೆಕ್ಕಕ್ಕೆ ಸೇರಿಸಬೇಡಿ. ಗೆಲುವು-ಸೋಲಿನ ಕಾಲಂಗೆ ಮಾತ್ರ ಹಾಕಿ.